ದೀಪಗಳು ಮಾತಾಡೋ ಹೊತ್ತಿಗೆ

ಮೈಸೂರಲ್ಲಿ ಪುಸ್ತಕ ಓದೋ ನಾಲ್ಕು ಜನ ಸೇರಿದ ಕಡೆ ಈ ಪ್ರಶ್ನೆ ಬಂದೇ ಬರುತ್ತೆ: ದೇವನೂರ ಮಹಾದೇವ ಆಮೇಲೆ ಯಾಕೆ ಕಥೆ ಬರೀಲಿಲ್ಲ? ‘ದ್ಯಾವನೂರು’, ‘ಒಡಲಾಳ’, ‘ಕುಸುಮಬಾಲೆ’. ಮೂರನ್ನೂ ಒಟ್ಟಿಗೆ ಹೊಲಿದರೂ, ಇದೇ ಊರಲ್ಲಿ ಕೂತು ಬರೆದ ಎಸ್.ಎಲ್. ಭೈರಪ್ಪನವರ ಒಂದು ದಪ್ಪ ಕಾದಂಬರಿಯಷ್ಟು ಆಗಲ್ಲ. ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆಮೇಲೆ ಚಳವಳಿ, ಭಾಷಣ, ಲೇಖನ, ಜಮೀನು. 2012ರ ‘ಎದೆಗೆ ಬಿದ್ದ ಅಕ್ಷರ’ ಕೂಡ ಕಥೆಯ ಪುಸ್ತಕವಲ್ಲ.

ಮೂರು ತಿಂಗಳಿಗೊಂದು ರಿಲೀಸ್ ಕೊಡೋ ನಮ್ಮಂಥವರಿಗೆ ಬೆಳವಣಿಗೆ ಅಂದ್ರೆ ಎಣಿಕೆ. ಹಾಗಾಗಿ ಈ ಪ್ರಶ್ನೆ ಸಹಜ. ಆದರೆ ಈಚೆಗೆ ಮೂರನ್ನೂ ಬರೆದ ಕ್ರಮದಲ್ಲೇ ಮತ್ತೆ ಓದಿದೆ. ಎಷ್ಟು ಬರೆದರು ಅನ್ನೋದಕ್ಕಿಂತ, ಕಥೆ ಹೇಳೋನು ಎಲ್ಲಿ ನಿಂತಿದ್ದಾನೆ ಅಂತ ನೋಡ್ತಾ ಹೋದೆ. ಆಗ ಬೇರೆಯದೇ ಒಂದು ದಾರಿ ಕಾಣಿಸ್ತು.

‘ದ್ಯಾವನೂರು’ ಬಂದದ್ದು 1973ರಲ್ಲಿ. ಅದೇ ವರ್ಷ ಮೈಸೂರಿನ ಒಂದು ಸಭೆಯಲ್ಲಿ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದುಬಿಟ್ಟರು. ರಾಜ್ಯದ ತುಂಬ ಗಲಾಟೆಯಾಯ್ತು, ಅವರ ಮಂತ್ರಿ ಪದವಿಯೂ ಹೋಯ್ತು. ಇಪ್ಪತ್ತರ ಹರೆಯದ ಮಹಾದೇವ ಆ ಗಲಾಟೆಗೆ ಉತ್ತರ ಅಂತ ಬರೆದವರೇನಲ್ಲ, ಆದರೂ ಆ ಪುಸ್ತಕವನ್ನ ಆ ಗಾಳಿಯಿಂದ ಬಿಡಿಸಿ ಓದೋಕೆ ನನಗಾಗಲ್ಲ. ಅದರ ‘ಅಮಾಸ’ ಕಥೆ ತಗೊಳ್ಳಿ. ಅಪ್ಪ ಅಮ್ಮ ಇಲ್ಲದ ಹುಡುಗ, ಮಾರಿಗುಡಿಯಲ್ಲಿ ಮುದುಕ ಕುರಿಯಯ್ಯನ ಜೊತೆ ಬೆಳೀತಾನೆ. ಮಾರಿಹಬ್ಬದ ಹುಲಿವೇಷ ಅವನ ಮೈಮೇಲೆ ಬರೋದನ್ನ ಓದುವಾಗ ಈಗಲೂ ನನಗೆ ತಮಟೆ ಕೇಳಿಸುತ್ತೆ. ಆದರೆ ಗಮನಿಸಿ, ಇಲ್ಲಿ ಊರಿನೋರು ಊರಿನ ಮಾತಾಡ್ತಾರೆ, ಕಥೆಗಾರ ಹೆಚ್ಚುಕಮ್ಮಿ ಓದಿದೋರ ಕನ್ನಡದಲ್ಲಿ ಹೇಳ್ತಾನೆ. ಪ್ರೀತಿಯಿದೆ, ಕರುಣೆಯಿದೆ, ಒಂದು ಜಗಲಿಯಷ್ಟು ದೂರವೂ ಇದೆ. ಹಳ್ಳಿಯಿಂದ ಬಂದು ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಮಾಡಿದ ಹುಡುಗನ ದೂರ ಅದು.

‘ಒಡಲಾಳ’ದಲ್ಲಿ ಕಥೆಗಾರ ಜಗಲಿ ಇಳೀತಾನೆ. ಸಾಕವ್ವನ ಹುಂಜ ಕಳೆದುಹೋಗಿದೆ, ಅವಳು ಹುಡುಕ್ತಾ ಬೈತಾ ಅಲೀತಿದ್ದಾಳೆ. ಇಷ್ಟೇ ಶುರು. ಆಮೇಲೆ ರಾತ್ರಿ ಸಾಹುಕಾರ ಎತ್ತಪ್ಪನ ಕಡಲೇಕಾಯಿ ಮನೆಗೆ ಬರುತ್ತೆ, ಹಸಿದ ಮನೆಯೆಲ್ಲಾ ಸುತ್ತ ಕೂತು ತಿನ್ನುತ್ತೆ. ಕನ್ನಡದಲ್ಲಿ ಹಸಿವಿನ ಬಗ್ಗೆ ಬರೆದದ್ದು ಬೇಕಾದಷ್ಟಿದೆ. ಹಸಿದೋರು ಹೊಟ್ಟೆ ತುಂಬ ತಿನ್ನೋ ಖುಷಿಯನ್ನ ಇಷ್ಟು ಬಿಡುವಾಗಿ, ಇಷ್ಟು ನಗುನಗುತ್ತಾ ಬರೆದ ಇನ್ನೊಂದು ಜಾಗ ನನಗೆ ನೆನಪಾಗ್ತಿಲ್ಲ. ಪಕ್ಕದಲ್ಲೇ ಪುಟಗೌರಿ ಗೋಡೆ ಮೇಲೆ ನವಿಲು ಬಿಡಿಸ್ತಾಳೆ. ಬೆಳಗ್ಗೆ ಪೊಲೀಸರು ಬರ್ತಾರೆ. ಕಥೆಗಾರ ಯಾರನ್ನೂ ನೋಡಿ ಅಯ್ಯೋ ಅನ್ನಲ್ಲ. ಅವನೂ ಆ ಗುಂಪಿನಲ್ಲಿ ಕೂತು ಕಾಯಿ ಸುಲೀತಿದ್ದ ಅನ್ನಿಸುತ್ತೆ. ನನ್ನ ಲೆಕ್ಕದಲ್ಲಿ ಮೂರರಲ್ಲಿ ಇದೇ ದೊಡ್ಡದು. ‘ಕುಸುಮಬಾಲೆ’ ಭಕ್ತರು ಬೈಯಲಿ, ಪರವಾಗಿಲ್ಲ.

ಯಾಕಂದ್ರೆ ‘ಕುಸುಮಬಾಲೆ’ ನನಗೆ ಕಷ್ಟ ಕೊಟ್ಟ ಪುಸ್ತಕ. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ಎರಡು ಸಲ ಶುರುಮಾಡಿ ಎರಡು ಸಲವೂ ಬಿಟ್ಟೆ. ಅದನ್ನ ಮೊದಲು ಕನ್ನಡಕ್ಕೆ ಅನುವಾದ ಮಾಡಬೇಕು ಅನ್ನೋ ಹಳೇ ಜೋಕಿಗೆ ನಾನೂ ನಕ್ಕಿದ್ದೆ. ನಾಚಿಕೆಯ ವಿಷಯ ಏನಂದ್ರೆ, ಅದು ನನ್ನದೇ ಸೀಮೆಯ ಮಾತು. ನಂಜನಗೂಡಿಂದ ಗುಂಡ್ಲುಪೇಟೆ ಕಡೆಗೆ ಹೋಗೋ ಬಸ್ಸಿನಲ್ಲಿ ಕಿವಿಗೆ ಬೀಳೋದೆಲ್ಲಾ ಅದೇ. ಇಂಟರ್‌ವ್ಯೂಗೆ ಅಂತ ನಾಲಿಗೆ ಉಜ್ಜಿ ಉಜ್ಜಿ ನಾನೇ ಅದನ್ನ ತೊಳೆದುಕೊಂಡಿದ್ದೆ. ಅಕ್ಷರದಲ್ಲಿ ಕಂಡಾಗ ಗುರುತೇ ಸಿಗಲಿಲ್ಲ.

ಇಲ್ಲಿ ಕಥೆಗಾರ ಅನ್ನೋ ಪ್ರತ್ಯೇಕ ಮನುಷ್ಯ ಉಳಿದೇ ಇಲ್ಲ. ಇಡೀ ನಿರೂಪಣೆ ಊರಿನ ಬಾಯಿಗೆ ಬಿದ್ದಿದೆ. ರಾತ್ರಿಯಾದ ಮೇಲೆ ಮನೆಮನೆಯ ದೀಪಗಳು, ಜೋತಮ್ಮಗಳು, ಒಂದು ಕಡೆ ಸೇರಿ ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ತವೆ. ಯಾರೋ ಇದನ್ನ ಮ್ಯಾಜಿಕಲ್ ರಿಯಲಿಸಂ ಅಂದಾಗ ನನಗೆ ನಗು ಬಂತು. ಮಂಟೇಸ್ವಾಮಿ, ಮಾದೇಶ್ವರನ ಕಥೆಯನ್ನ ನೀಲಗಾರರು, ಕಂಸಾಳೆಯವರು ರಾತ್ರಿಯಿಡೀ ಹಾಡೋ ಸೀಮೆಯಲ್ಲಿ ದೀಪ ಮಾತಾಡೋಕೆ ಲ್ಯಾಟಿನ್ ಅಮೆರಿಕದ ಪರ್ಮಿಷನ್ ಬೇಕಾ? ಒಂದು ದೂರು ಮಾತ್ರ ಉಳಿದಿದೆ. ಕೆಲವು ಕಡೆ ಆ ಮಾತಿನ ಸೊಗಸು ಎಷ್ಟು ಹೆಚ್ಚು ಅಂದ್ರೆ, ಅದರ ಕೆಳಗೆ ಒಂದು ಕೊಲೆ ನಡೆದಿದೆ ಅನ್ನೋದು ಮಸುಕಾಗುತ್ತೆ. ಮೇಲ್ಜಾತಿ ಮನೆಯ ಕುಸುಮ, ದಲಿತರ ಹುಡುಗ ಚನ್ನ, ಅವರಿಗೊಂದು ಮಗು. ಸಾಕವ್ವನಷ್ಟು ಹತ್ತಿರದಿಂದ ಚನ್ನ ನನಗೆ ಸಿಗಲಿಲ್ಲ.

ಈಗ ಮೊದಲ ಪ್ರಶ್ನೆ. ಹೇಳೋನೇ ಕರಗಿಹೋದ ಮೇಲೆ ಮುಂದಿನ ಪುಸ್ತಕವನ್ನ ಯಾರು ಹೇಳಬೇಕು? ಮತ್ತೆ ಜಗಲಿ ಹತ್ತಿ ‘ದ್ಯಾವನೂರು’ ಥರ ಇನ್ನೊಂದು ಸಂಕಲನ ಬರೆಯೋದು ಕಷ್ಟವಿರಲಿಲ್ಲ, ಓದುಗರೂ ಕಾದಿದ್ದರು. ಅವರು ಹತ್ತಲಿಲ್ಲ. ಇದನ್ನ ಮೌನ ತಪಸ್ಸು ಅಂತ ಕರೆಯೋರೂ ಇದ್ದಾರೆ, ಅದು ನನಗೆ ಒಪ್ಪಿಗೆಯಿಲ್ಲ. ಕಥೆ ಎಲ್ಲೂ ಹೋಗಿಲ್ಲ. 2022ರಲ್ಲಿ ಆರ್‌ಎಸ್‌ಎಸ್ ಬಗ್ಗೆ ಬರೆದ ಕಿರುಹೊತ್ತಿಗೆಯಲ್ಲೂ, ಪ್ರಾಣವನ್ನ ಬೇರೆಲ್ಲೋ ಅಡಗಿಸಿಟ್ಟ ಮಾಂತ್ರಿಕನ ಜನಪದ ಕಥೆ ಬರುತ್ತೆ. ಅದರ ರಾಜಕೀಯದ ಜೊತೆ ನೀವು ಜಗಳ ಆಡಬಹುದು, ಆದರೆ ಆ ಕಥೆ ತರೋದು ಜೋತಮ್ಮಗಳ ಮಾತು ಕೇಳಿಸಿಕೊಂಡ ಕಿವಿಯೇ.

ನಾನು ‘ಕುಸುಮಬಾಲೆ’ ಕೊನೆಗೂ ಓದಿದ್ದು ಊರಲ್ಲಿ, ಅವ್ವನ ಮುಂದೆ, ಜೋರಾಗಿ. ಕರೆಂಟ್ ಹೋಗಿತ್ತು, ಮೊಬೈಲ್ ಬೆಳಕಲ್ಲಿ ಓದ್ತಿದ್ದೆ. ನಾನು ಎಡವಿದ ಕಡೆಯೆಲ್ಲಾ ಅವ್ವ ನಗೋರು. “ಅದ್ಯಾಕ್ ಮಗ ಹಂಗ್ ತಡವರಿಸ್ತಿದ್ದಯ? ಉಸ್ರು ಎಳ್ದು ಓದು” ಅಂದರು. ಉಸಿರು ಎಳೆದು ಓದಿದರೆ ನಿಜವಾಗ್ಲೂ ಅರ್ಥ ಬಿಚ್ಚಿಕೊಳ್ತು. “ಯಾರ್ ಬರ್ದೋರು, ನಮ್ಮ ಕಡೆಯೋರಾ?” ಅಂತ ಕೇಳಿದರು. ನಂಜನಗೂಡು ತಾಲ್ಲೂಕಿನ ದೇವನೂರು ಅಂದೆ. ಯಾವ ಕೇರಿಯವರು ಅಂತಲೂ ಹೇಳಿದೆ.

ನಮ್ಮದು ಮೇಲಿನ ಬೀದಿ. ಕೆಳಗಿನ ಕೇರಿಯ ನನ್ನ ಸ್ಕೂಲ್ ಗೆಳೆಯರು ನಮ್ಮನೆ ಜಗಲಿ ದಾಟಿ ಒಳಗೆ ಬಂದವರಲ್ಲ, ನಾನೂ ಕರೆದವನಲ್ಲ. ಇಷ್ಟು ಹೊತ್ತು ಅವ್ವ ತನ್ನದೇ ಮಾತು ಅಂತ ನಕ್ಕಿದ್ದು ಆ ಕೇರಿಯ ಬರವಣಿಗೆಗೆ. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ “ಆ ಹೈದನ್ನ ಏನ್ ಮಾಡುದ್ರು?” ಅಂದರು.

ನಾನು ಪುಟ ತಿರುವಿದೆ.