ಶಾಸನಸೂಚಿಯಲ್ಲಿ ಲುಕಪ್ ಫೀಲ್ಡು: ಒಂದು ವಿಮರ್ಶೆ

ಪರಸ್ಪರ ಸಂಬಂಧವುಳ್ಳ ಎರಡು ಕಡತಗಳಲ್ಲಿ ಒಂದರ ವಿಷಯವನ್ನು ಇನ್ನೊಂದರಲ್ಲಿ ಬಳಸಿಕೊಳ್ಳಲು ಫೈಲ್‌ಮೇಕರ್ ಎಂಬ ತಂತ್ರಾಂಶವು ಎರಡು ಮಾರ್ಗಗಳನ್ನು ಒದಗಿಸಿದೆ. ಮೂಲಕಡತದ ವಿಷಯವನ್ನು ಅಲ್ಲಿಯೇ ಇರಗೊಟ್ಟು, ಸಂಬಂಧದ ಮೂಲಕ ಕಾಣಿಸುವುದು ಒಂದು. ಅದನ್ನು ನಕಲು ಮಾಡಿ ತಂದು ಇರಿಸಿಕೊಳ್ಳುವುದು ಮತ್ತೊಂದು. ಎರಡನೆಯದಕ್ಕೆ ಲುಕಪ್ ಎಂದು ಹೆಸರು. ಇದಕ್ಕೆ ಸಾಮಾನ್ಯವಾಗಿ ಕೊಡುವ ನಿದರ್ಶನ ಅಂಗಡಿಯ ಬಿಲ್ಲಿನದು: ಸರಕಿನ ಬೆಲೆ ಮುಂದೆ ಏರಿದರೂ ಹಳೆಯ ಬಿಲ್ಲಿನಲ್ಲಿ ಮಾರಿದ ದಿನದ ಬೆಲೆಯೇ ನಿಲ್ಲತಕ್ಕದ್ದು. ಇದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಈ ನಿದರ್ಶನವನ್ನೇ ನೆಚ್ಚಿ, ಹಳೆಯದನ್ನು ಕಾಪಾಡಬೇಕಾದಲ್ಲೆಲ್ಲ ಲುಕಪ್ ಸಾಕೆಂದು ತಿಳಿಯುವುದು ಯುಕ್ತವಲ್ಲ.

ಶಾಸನಗಳ ಸೂಚಿಯೊಂದನ್ನು ಸಿದ್ಧಪಡಿಸುವ ವಿದ್ಯಾರ್ಥಿಯನ್ನು ಊಹಿಸೋಣ. ಶಾಸನಗಳಿಗೆ ಒಂದು ಕಡತ, ಊರುಗಳಿಗೆ ಇನ್ನೊಂದು. ಊರಿನ ಸಂಕೇತವನ್ನು ಬರೆದೊಡನೆ ಜಿಲ್ಲೆಯ ಹೆಸರು ಲುಕಪ್ಪಿನಿಂದ ತಾನಾಗಿ ತುಂಬುತ್ತದೆ. ಈಗ ರೈಸರು 1898ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟವನ್ನು ತೆಗೆದುಕೊಳ್ಳಿ. ಅದರಲ್ಲಿ ನಾಗಮಂಗಲವೂ ಚಾಮರಾಜನಗರವೂ ಮೈಸೂರು ಜಿಲ್ಲೆಯವು. 1939ರಲ್ಲಿ ಮಂಡ್ಯ ಜಿಲ್ಲೆಯಾದಾಗ ನಾಗಮಂಗಲ ಅದಕ್ಕೆ ಸೇರಿತು. ಚಾಮರಾಜನಗರ 1997ರಲ್ಲಿ ತಾನೇ ಜಿಲ್ಲೆಯಾಯಿತು. ವಿದ್ಯಾರ್ಥಿ ಇಂದು ದಾಖಲೆ ಬರೆದರೆ ಲುಕಪ್ ತರುವುದು ಇಂದಿನ ಜಿಲ್ಲೆಯನ್ನು. ಅದು ಹಿಡಿದಿಡುವುದು ಘಟನೆಯ ಕಾಲವನ್ನಲ್ಲ, ಬರೆದ ಕಾಲವನ್ನು. ಬಿಲ್ಲಿನಲ್ಲಿ ಇವೆರಡೂ ಒಂದೇ ಆದುದರಿಂದ ದೋಷ ಮರೆಯಾಗಿತ್ತು. ಶಾಸನದಲ್ಲಿ ಅದು ಬಯಲಾಗುತ್ತದೆ.

ಹೀಗೆ ಬಂದ ನಕಲು ಸ್ಥಿರವೂ ಅಲ್ಲ, ತಾಜಾವೂ ಅಲ್ಲ. ಮೂಲಕಡತವನ್ನು ತಿದ್ದಿದರೆ ನಕಲಿಗೆ ಸುದ್ದಿ ಮುಟ್ಟುವುದಿಲ್ಲ. ಆದರೆ ಶಾಸನದ ದಾಖಲೆಯಲ್ಲಿ ಊರಿನ ಸಂಕೇತವನ್ನು ಮುಟ್ಟಿ ಬದಲಿಸಿದರೆ ಲುಕಪ್ ಮತ್ತೆ ನಡೆದು, ಹಿಂದಿನ ಮೌಲ್ಯ ಅಳಿಯುತ್ತದೆ. ಇನ್ನು ‘ರೀಲುಕಪ್’ ಎಂಬ ಆಜ್ಞೆಯಂತೂ ಆಗ ಎದುರಿಗಿರುವ ದಾಖಲೆಗಳ ಸಮೂಹಕ್ಕೆಲ್ಲ ಹೊಸ ನಕಲನ್ನು ತುಂಬಿಬಿಡುತ್ತದೆ. ಅದನ್ನು ಹಿಂದೆಗೆದುಕೊಳ್ಳಲು ಉಪಾಯವಿಲ್ಲ. ಓಲೆಯ ಪ್ರತಿಕಾರನು ತಪ್ಪು ಮಾಡಿದರೂ ಮಾತೃಕೆಯನ್ನು ಅಳಿಸಿಹಾಕುತ್ತಿರಲಿಲ್ಲ! ಸಂಕೇತ ಹೊಂದದಿದ್ದಾಗ ಅದಕ್ಕಿಂತ ಕೆಳಗಿನ ಮೌಲ್ಯವನ್ನು ನಕಲು ಮಾಡುವ ಸೌಲಭ್ಯವೂ ಉಂಟು. ಸಗಟು ದರಗಳಿಗೆ ಅದು ಒಪ್ಪೀತು. ಊರುಗಳಿಗೆ ಬಳಸಿದರೆ ಇಲ್ಲದ ಊರಿಗೆ ನೆರೆಯ ಸಂಕೇತದ ಊರಿನ ಜಿಲ್ಲೆ ಅಂಟಿಕೊಳ್ಳುತ್ತದೆ, ತಪ್ಪಾಯಿತೆಂಬ ಸೂಚನೆಯೂ ಇರುವುದಿಲ್ಲ.

ಇಲ್ಲಿ ಜಿಲ್ಲೆಯೆಂಬ ಒಂದು ಹೆಸರಿನಲ್ಲಿ ಎರಡು ಪ್ರಶ್ನೆಗಳು ಬೆರೆತಿವೆಯೆಂದು ನಮ್ಮ ಅಭಿಪ್ರಾಯ. ಸಂಪಾದಕನು ಶಾಸನವನ್ನು ಯಾವ ಜಿಲ್ಲೆಯಲ್ಲಿ ಎಣಿಸಿದನು? ಕಲ್ಲನ್ನು ನೋಡಬಯಸುವವನು ಈಗ ಎಲ್ಲಿಗೆ ಹೋಗಬೇಕು? ಮೊದಲನೆಯದಕ್ಕೆ ಉತ್ತರ ಊರುಗಳ ಕಡತದಲ್ಲಿ ಇಲ್ಲವೇ ಇಲ್ಲ. ಅದು ಸಂಪುಟಗಳ ಕಡತದಲ್ಲಿರಬೇಕು. ಅಚ್ಚಾದ ಸಂಪುಟದ ವಿವರ ಬದಲಾಗದಾದ್ದರಿಂದ ಸಂಪುಟದ ಸಂಖ್ಯೆಯ ಮೂಲಕ ಸಂಬಂಧ ಕಲ್ಪಿಸಿದರೆ ಸಾಕು, ನಕಲು ಬೇಡ. ಎರಡನೆಯದು ಬದಲಾಗುತ್ತಲೇ ಇರಬೇಕಾದದ್ದು. ಆದಕಾರಣ ಅದಕ್ಕೂ ಊರುಗಳ ಕಡತದೊಡನೆ ಸಂಬಂಧವೇ ತಕ್ಕದ್ದು. ಈ ಸೂಚಿಯಲ್ಲಿ ಲುಕಪ್ಪಿಗೆ ಉಳಿಯುವ ಕೆಲಸ ಅತ್ಯಲ್ಪ: ವಿದ್ಯಾರ್ಥಿಯು ಸ್ಥಳಕ್ಕೆ ಹೋಗಿ ಕಲ್ಲನ್ನು ಪರೀಕ್ಷಿಸಿದ ದಿನವೇ ದಾಖಲೆ ಬರೆಯುವುದಾದರೆ, ಆ ದಿನ ಅದು ಯಾವ ಜಿಲ್ಲೆಯಲ್ಲಿತ್ತೆಂಬುದನ್ನು ತಾರೀಖಿನೊಡನೆ ನಕಲಿಸಿಕೊಳ್ಳಬಹುದು.