ಠಾಣೆಯ ರೈಟರ್‌ಗೆ ಕತೆಯಿಲ್ಲ

ಕನ್ನಡ ಸಿನಿಮಾದ ಪೊಲೀಸರ ಕೈಯಲ್ಲಿ ಲಾಠಿ ನೋಡಿದ್ದೇನೆ, ಪಿಸ್ತೂಲು ನೋಡಿದ್ದೇನೆ. ಪೆನ್ನು ನೋಡಿದ ನೆನಪು ತೀರಾ ಕಡಿಮೆ. 1981ರ ‘ಅಂತ’ದಲ್ಲಿ ಅಂಬರೀಶ್ ಅವರ ಇನ್‌ಸ್ಪೆಕ್ಟರ್ ಸುಶೀಲ್ ಕುಮಾರ್, ಕನ್ವರ್‌ಲಾಲನಾಗಿ ಪಾತಕಿಗಳ ನಡುವೆ ಸೇರಿಕೊಳ್ಳುತ್ತಾನೆ. 1988ರಲ್ಲಿ ಶಂಕರ್‌ನಾಗ್ ಸಾಂಗ್ಲಿಯಾನ ಆದರು, 2011ರಲ್ಲಿ ಸುದೀಪ್ ಕೆಂಪೇಗೌಡ ಆದರು. ಮೂವರಿಗೂ ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ನನ್ನ ತಕರಾರು ಹೊಡೆದಾಟದ ಬಗ್ಗೆ ಅಲ್ಲವೇ ಅಲ್ಲ. ಪೊಲೀಸ್ ಕೆಲಸದ ದೊಡ್ಡ ಪಾಲು ಬರವಣಿಗೆ. ಬರೆಯುವುದನ್ನೇ ಕಸುಬು ಮಾಡಿಕೊಂಡ ನಮ್ಮ ಕತೆಗಾರರಿಗೂ ಚಿತ್ರಕತೆ ಬರೆಯುವವರಿಗೂ ಅದು ಯಾಕೆ ಕಣ್ಣಿಗೆ ಬೀಳಲಿಲ್ಲ ಎನ್ನುವುದು ನನ್ನ ಪ್ರಶ್ನೆ.

ಪ್ರತಿ ಠಾಣೆಯಲ್ಲೂ ‘ರೈಟರ್’ ಎಂದು ಒಬ್ಬರಿರುತ್ತಾರೆ, ಸಾಮಾನ್ಯವಾಗಿ ಹೆಡ್ ಕಾನ್‌ಸ್ಟೇಬಲ್. ಬಳ್ಳಾರಿಯ ಬ್ರೂಸ್‌ಪೇಟೆ, ಕೌಲ್‌ಬಜಾರ್‌ನಂಥ ಠಾಣೆಗಳಿಗೆ ಬರುವ ಫಿರ್ಯಾದಿ ತೆಲುಗಿನಲ್ಲಿ ಮಾತು ಶುರು ಮಾಡಿ, ಉರ್ದುವಿನಲ್ಲಿ ಅತ್ತು, ಕನ್ನಡದ ಹಾಳೆಗೆ ಹೆಬ್ಬೆಟ್ಟು ಒತ್ತಿ ಹೋಗಬಹುದು. ಸಿರುಗುಪ್ಪದ ಕಥೆಯೂ ಅದೇ. ಗಡಿಯಾಚೆಯ ಆದೋನಿಯ ಜೊತೆ ನೆಂಟಸ್ತಿಕೆ, ವ್ಯಾಪಾರ, ಜಗಳ ಎಲ್ಲವೂ ಇದೆ. ಈ ಮೂರು ಭಾಷೆಯ ಸಂಕಟವನ್ನು ಒಂದು ಭಾಷೆಗೆ ಇಳಿಸುವ ರೈಟರ್ ಈ ಜಿಲ್ಲೆಯ ಅತಿ ಹೆಚ್ಚು ಕೆಲಸ ಮಾಡುವ ಅನುವಾದಕ. ಅವರ ಅನುವಾದವನ್ನು ವಕೀಲರು, ನ್ಯಾಯಾಧೀಶರು ಸಾಲುಸಾಲಾಗಿ ಓದುತ್ತಾರೆ. ನಮ್ಮ ವಿಮರ್ಶೆ ಓದುವುದಿಲ್ಲ.

ಓದಿದರೆ ಏನು ಸಿಗುತ್ತದೆ? ಮೊದಲು ಸಿಗುವುದು ಸಿದ್ಧ ವಾಕ್ಯ. ‘ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡೆದು, ಜೀವ ಬೆದರಿಕೆ ಹಾಕಿದ್ದು ಇರುತ್ತದೆ.’ ಹೊಲದ ಬದುವಿನ ಜಗಳವಾಗಲಿ, ಜೀನ್ಸ್ ಹೊಲಿಯುವ ಶೆಡ್ಡಿನ ಕೂಲಿ ಜಗಳವಾಗಲಿ, ಇದೇ ವಾಕ್ಯ. ಇದನ್ನು ಸೋಮಾರಿತನ ಎಂದು ನಗುವುದು ಸುಲಭ. ಅಲ್ಲಿನ ಒಂದೊಂದು ತುಂಡೂ ಕಾನೂನಿನ ಒಂದೊಂದು ಕಲಮಿಗೆ ಕೂಡಿಸಿದ ಕೊಂಡಿ ಎಂದು ಗೊತ್ತಾದಾಗ ನನ್ನ ನಗು ನಿಂತಿತು. ಬೈದದ್ದು ಒಂದು ಕಲಂ, ಹೊಡೆದದ್ದು ಇನ್ನೊಂದು, ಬೆದರಿಸಿದ್ದು ಮತ್ತೊಂದು. ಆದರೆ ಆ ಬೈಗುಳ ಯಾವುದು, ಅದು ಆ ಹೆಂಗಸಿಗೆ ಯಾಕೆ ಅಷ್ಟು ತಾಗಿತು ಎನ್ನುವುದು ಈ ವಾಕ್ಯದಲ್ಲಿ ಕಳೆದುಹೋಗುತ್ತದೆ. ಕೇಸು ನಿಲ್ಲಬೇಕೆಂದರೆ ಮನುಷ್ಯರ ಮಾತನ್ನು ಕತ್ತರಿಸಬೇಕು. ಈ ಇಕ್ಕಟ್ಟಿನಲ್ಲಿ ದಿನವೂ ಕೂರುವವರ ಬಗ್ಗೆ ಒಂದು ಒಳ್ಳೆಯ ಕತೆ ಸಾಧ್ಯವಿಲ್ಲವೇ?

ಕುರುಗೋಡು ಕಡೆಯ ಒಂದು ಮೆಣಸಿನಕಾಯಿ ಹೊಲದಲ್ಲಿ ನಾನು ಒಮ್ಮೆ ಪಂಚನಾಗಿ ನಿಂತಿದ್ದೆ. ಸಾಲದ ರೈತನೊಬ್ಬನ ಸಾವು. ಶವದ ತಲೆ ಯಾವ ದಿಕ್ಕಿಗಿದೆ, ಅಂಗಿಯ ಬಣ್ಣ ಯಾವುದು ಎಂದು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ನಡುವೆ ತಲೆಯೆತ್ತಿ, ‘ಯಮ್ಮಾ, ಸಾಲ ಎಲ್ಲೆಲ್ಲಿ ಐತಿ?’ ಎಂದು ಕೇಳಿದರು. ‘ಸೊಸೈಟ್ಯಾಗ ಐತ್ರಿ, ಗೊಬ್ಬರದಂಗಡ್ಯಾಗೂ ಐತ್ರಿ’ ಎಂದಳು ಆಕೆ. ಈ ಹೊತ್ತಿನಲ್ಲಿ ಇದೆಂಥ ಪ್ರಶ್ನೆ ಎಂದು ಪಕ್ಕದವರು ಗೊಣಗಿದರು. ಅವರು ಎರಡನ್ನೂ ಬರೆದುಕೊಂಡರು. ರೈತ ಆತ್ಮಹತ್ಯೆಯ ಪರಿಹಾರವನ್ನು ಸರ್ಕಾರ 2015ರಲ್ಲಿ 5 ಲಕ್ಷ ರೂಪಾಯಿಗೆ ಏರಿಸಿದೆ. ಕೊಡಬೇಕೋ ಬೇಡವೋ ಎಂದು ನೋಡುವುದು ಉಪವಿಭಾಗಾಧಿಕಾರಿಯ ಸಮಿತಿ. ಸಮಿತಿಯ ಮುಂದೆ ಹೋಗುವ ಕಡತದಲ್ಲಿ ಪೊಲೀಸರ ಕಾಗದವೂ, ಸಾಲದ ಪ್ರಶ್ನೆಯೂ ಇರುತ್ತವೆ. ಹೊಲದಲ್ಲಿ ನಿಂತು ಬರೆದ ಒಂದು ಸಾಲು ಆ ಹೆಂಗಸಿನ ಮುಂದಿನ ಎಷ್ಟೋ ವರ್ಷಗಳ ಮೇಲೆ ಪರಿಣಾಮ ಮಾಡಬಹುದು. ಇಂಥ ದೃಶ್ಯವನ್ನು ನಾನು ತೆರೆಯ ಮೇಲೆ ಕಂಡಿಲ್ಲ.

ಈ ಬರವಣಿಗೆಗೆ ಸಮಯವಾದರೂ ಎಲ್ಲಿದೆ? ಕನಕದುರ್ಗಮ್ಮನ ಸಿಡಿಬಂಡಿ ಬಂದರೆ ಬಂದೋಬಸ್ತ್, ಕುರುಗೋಡಿನ ದೊಡ್ಡಬಸವೇಶ್ವರನ ತೇರು ಬಂದರೆ ಬಂದೋಬಸ್ತ್, ಮಂತ್ರಿ ಬಂದರೆ, ಚುನಾವಣೆ ಬಂದರೆ ಬಂದೋಬಸ್ತ್. ನಡುವೆ ನೈಟ್ ಬೀಟು, ಸಮನ್ಸ್ ಜಾರಿ, ಕೈದಿಯನ್ನು ಕೋರ್ಟಿಗೆ ಕರೆದೊಯ್ಯುವುದು. ಬಂಧಿತನ ವಿರುದ್ಧ 60 ಅಥವಾ 90 ದಿನದೊಳಗೆ ದೋಷಾರೋಪಣ ಪಟ್ಟಿ ಹೋಗದಿದ್ದರೆ ಅವನಿಗೆ ಜಾಮೀನು ಹಕ್ಕಾಗಿಬಿಡುತ್ತದೆ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಶೋಧ, ಜಪ್ತಿಗಳನ್ನು ವಿಡಿಯೊ ಮಾಡುವ ಕೆಲಸವೂ ಸೇರಿದೆ. ಸಿನಿಮಾದ ಇನ್‌ಸ್ಪೆಕ್ಟರ್‌ಗೆ ವಿಲನ್ ಒಬ್ಬನೇ ಶತ್ರು. ಸಿರುಗುಪ್ಪದ ಪಿಎಸ್‌ಐಗೆ ಕ್ಯಾಲೆಂಡರ್ ಕೂಡ ಶತ್ರು.

ಇದಕ್ಕೆ ಹತ್ತಿರ ಬಂದ ಕನ್ನಡ ಚಿತ್ರ 2019ರ ‘ಕವಲುದಾರಿ’. ಅದರ ನಾಯಕ ಟ್ರಾಫಿಕ್ ಪೊಲೀಸ್. ಹೇಮಂತ್ ರಾವ್ ಆ ಕೆಲಸದ ಬೇಸರವನ್ನು ನಂಬುವ ಹಾಗೆ ಕಟ್ಟುತ್ತಾರೆ. ಆದರೆ ಚಿತ್ರಕ್ಕೂ ನಾಯಕನಿಗೂ ಟ್ರಾಫಿಕ್ ಎಂದರೆ ಬಿಟ್ಟು ಹೊರಡಬೇಕಾದ ಜಾಗ. ನಿಜವಾದ ಪೊಲೀಸ್ ಕೆಲಸ ಬೇರೆಲ್ಲೋ, ಮೆಟ್ರೋ ಗುಂಡಿಯಲ್ಲಿ ಸಿಕ್ಕ ಮೂಳೆಗಳಲ್ಲಿ ಇದೆ ಎಂದು ಅದೂ ನಂಬಿದೆ. ಇದರ ಎದುರಿಗೆ 2017ರ ಮಲಯಾಳಂ ಚಿತ್ರ ‘ತೊಂಡಿಮುದಲುಂ ದೃಕ್ಸಾಕ್ಷಿಯುಂ’ ಇಟ್ಟು ನೋಡಿ. ಹೆಸರನ್ನು ಕನ್ನಡಕ್ಕೆ ತಂದರೆ ‘ಮುದ್ದೆಮಾಲು ಮತ್ತು ಪ್ರತ್ಯಕ್ಷಸಾಕ್ಷಿ’. ಕತೆ ನಡೆಯುವುದು ಕನ್ನಡಿಗರೂ ಇರುವ ಕಾಸರಗೋಡಿನಲ್ಲಿ. ಕಳ್ಳ ಸರ ನುಂಗಿದ್ದಾನೆ, ಮುದ್ದೆಮಾಲು ಹೊರಬರುವವರೆಗೆ ಇಡೀ ಠಾಣೆ ಕಾಯಬೇಕು. ನಿಜ ಜೀವನದ ಪೊಲೀಸ್ ಅಧಿಕಾರಿ ಸಿಬಿ ಥಾಮಸ್ ಅವರೇ ಅದರಲ್ಲಿ ಎಸ್‌ಐ. ಅಲ್ಲಿನ ಪೊಲೀಸರು ಹೊಡೆಯುತ್ತಾರೆ, ಹೆದರುತ್ತಾರೆ, ಕೆಲಸ ಹೋದೀತೆಂದು ಕಾಗದವನ್ನೇ ತಿರುಚಲು ಹೊರಡುತ್ತಾರೆ. ಅವರನ್ನು ನಾವು ಮೆಚ್ಚಬೇಕಾಗಿಲ್ಲ, ಅರ್ಥ ಮಾಡಿಕೊಳ್ಳದೆ ಇರಲೂ ಆಗುವುದಿಲ್ಲ.

ನಮ್ಮಲ್ಲಿ ಕೈಯಾಗದು ಎಂದೇನಿಲ್ಲ. ತೇಜಸ್ವಿಯವರ ತಬರ ಒಬ್ಬ ಸಣ್ಣ ಸರ್ಕಾರಿ ನೌಕರ. 1986ರಲ್ಲಿ ಕಾಸರವಳ್ಳಿ ಅವನನ್ನು ತೆರೆಗೆ ತಂದ ಮೇಲೆ ಪೆನ್ಶನ್ ಕಡತ ಎಂದರೇನೆಂದು ನಾಡಿಗೇ ಗೊತ್ತಾಯಿತು. ಖಾಕಿ ತೊಟ್ಟ ತಬರ ಇನ್ನೂ ಬಂದಿಲ್ಲ.

ಬರಬಹುದಾಗಿದ್ದ ಹೊತ್ತೊಂದು 2016ರಲ್ಲಿತ್ತು. ಆಗ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಕೂಡ್ಲಿಗಿಯ ಡಿವೈಎಸ್‌ಪಿ ಅನುಪಮಾ ಶೆಣೈ ಅವರ ವರ್ಗಾವಣೆ, ಜೂನ್‌ನ ರಾಜೀನಾಮೆ ರಾಜ್ಯವೆಲ್ಲ ಸುದ್ದಿಯಾಯಿತು. ಮಂತ್ರಿಯ ಫೋನು, ಒಂಟಿ ಅಧಿಕಾರಿ, ಅವಮಾನ: ಸಿನಿಮಾ ಆಗಲೇ ಬರೆದಿಟ್ಟ ಸಾಲುಗಳು. ಅದೇ ಜೂನ್ 4ಕ್ಕೆ ಕಾನ್‌ಸ್ಟೇಬಲ್‌ಗಳ ಸಾಮೂಹಿಕ ರಜೆಯ ಕರೆಯೂ ಇತ್ತು. ಸಂಬಳ, ರಜೆ, ದುಡಿಮೆಯ ಹೊತ್ತು ಅವರ ಬೇಡಿಕೆ. ಸರ್ಕಾರ ಎಸ್ಮಾ ಹೇರಿತು, ಮುಂದಾಳನ್ನು ಬಂಧಿಸಿತು, ಚಳವಳಿ ಅಲ್ಲಿಗೆ ತಣ್ಣಗಾಯಿತು. 1966ರ ಕಾನೂನಿನ ಪ್ರಕಾರ ಪೊಲೀಸರು ಅನುಮತಿಯಿಲ್ಲದೆ ಸಂಘ ಕಟ್ಟುವಂತಿಲ್ಲ. ಮೊದಲನೆಯದು ನಮಗೆ ಕತೆಯಂತೆ ಕಂಡಿತು, ಎರಡನೆಯದು ಬರೀ ಸುದ್ದಿಯಂತೆ.

ಪೊಲೀಸರ ಕಷ್ಟ ತೋರಿಸಿ ಅವರನ್ನು ತೊಳೆದಿಡಿ ಎಂದು ನಾನು ಕೇಳುತ್ತಿಲ್ಲ. ಪೆನ್ನನ್ನು ನೋಡಿದರೆ ಅನ್ಯಾಯವೂ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಸಂಜ್ಞೇಯ ಅಪರಾಧದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದ್ದು 2013ರಲ್ಲಿ. ಆಮೇಲೂ ಅರ್ಜಿಗೆ ಹಿಂಬರಹ ಕೊಟ್ಟು ಸಾಗಹಾಕುವುದು ನಿಂತಿಲ್ಲ. ಬಡವರಿಗೆ ಠಾಣೆಯಲ್ಲಿ ಆಗುವ ಏಟುಗಳಲ್ಲಿ ಬರೆದುಕೊಳ್ಳದೆ ಕಳಿಸುವುದೂ ಒಂದು. ಲಾಠಿಯನ್ನಷ್ಟೇ ನೋಡುವ ಕ್ಯಾಮೆರಾಕ್ಕೆ, ಅದನ್ನು ಬೈಯುವ ಕ್ಯಾಮೆರಾಕ್ಕೂ, ಈ ಏಟು ಕಾಣುವುದಿಲ್ಲ.

ಮುಂದಿನ ಪೊಲೀಸ್ ಕತೆ ಬರೆಯುವವರು ಬಳ್ಳಾರಿ ಕೋರ್ಟಿನ ಆವರಣದಲ್ಲಿ ಒಂದು ಬೆಳಗ್ಗೆ ಕೂತು ಬರಲಿ. ಬಗಲಲ್ಲಿ ಕಡತ ಇಟ್ಟುಕೊಂಡು, ಸಾಕ್ಷಿ ಬಸ್ಸಿಳಿದನೋ ಇಲ್ಲವೋ ಎಂದು ಗೇಟಿನ ಕಡೆ ನೋಡುತ್ತಿರುವ ಕೋರ್ಟ್ ಕಾನ್‌ಸ್ಟೇಬಲ್ ಸಿಗುತ್ತಾರೆ. ಅವರನ್ನು ಮಾತಾಡಿಸಲಿ.