ಕಲ್ಲಿನ ಪಾಠಕ್ಕೂ ಕಾಪಿರೈಟೇ?

ಶಾಸನ ಸಂಪುಟಗಳ ಮೊದಲ ಪುಟಗಳಲ್ಲಿ ಒಂದು ಎಚ್ಚರಿಕೆ ಕಾಣುತ್ತೇವೆ: ಅನುಮತಿ ಇಲ್ಲದೆ ಯಾವ ಭಾಗವನ್ನೂ ನಕಲು ಮಾಡಬಾರದು. ಕಾದಂಬರಿಗೂ ಅದೇ ಸಾಲು, ಶಾಸನಕ್ಕೂ ಅದೇ ಸಾಲು. ಶಾಸನದ ವಿಷಯದಲ್ಲಿ ಇದು ಅರ್ಧ ಮಾತ್ರ ಸರಿ ಅನ್ನೋದು ನನ್ನ ತಕರಾರು.

ನಮ್ಮ ಜಿಲ್ಲೆಯನ್ನೇ ನೋಡಿ. ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಶಾಸನಗಳು ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ 12ನೇ ಸಂಪುಟದಲ್ಲಿವೆ. ಅಚ್ಚಾದದ್ದು 1904ರಲ್ಲಿ. ಸರ್ಕಾರಿ ಪ್ರಕಟಣೆ ಎಂದು ಹಿಡಿದರೆ ಈಗಿನ ಕಾಯ್ದೆಯ 60 ವರ್ಷದ ಲೆಕ್ಕ 1964ಕ್ಕೆ ಮುಗಿಯುತ್ತದೆ. ರೈಸ್ ಅವರ ಸ್ವಂತ ಕೃತಿ ಅಂತಲೇ ಇಟ್ಟುಕೊಳ್ಳಿ. ಅವರು ತೀರಿಕೊಂಡದ್ದು 1927, ಅದಕ್ಕೆ 60 ಸೇರಿಸಿದರೆ 1987. ಹೇಗೆ ಕೂಡಿಸಿದರೂ ಆ ಸಂಪುಟ ಇವತ್ತು ಎಲ್ಲರದ್ದು. ಅದರೊಳಗಿನ, ರಾಷ್ಟ್ರಕೂಟ ಮೂರನೇ ಗೋವಿಂದನ ಕಡಬ ತಾಮ್ರಶಾಸನದಂಥ ಮೂಲಗಳಿಗಂತೂ ಹಕ್ಕಿನ ಪ್ರಶ್ನೆಯೇ ಏಳದು.

ಹೊಸ ಆವೃತ್ತಿಗಳ ಮಾತು ಬೇರೆ. ಪೀಠಿಕೆ, ಅನುವಾದ, ಟಿಪ್ಪಣಿ ಸಂಪಾದಕರ ದುಡಿಮೆ. ಅದಕ್ಕೆ ಹಕ್ಕಿದೆ, ಇರಲೇಬೇಕು. ಆದರೆ ಅಲ್ಲೂ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಓದುಗನ ಕೈ ಕಟ್ಟಿಲ್ಲ. ಸ್ವಂತ ಬಳಕೆ, ಸಂಶೋಧನೆ, ವಿಮರ್ಶೆಗೆ ನ್ಯಾಯವೆನಿಸುವಷ್ಟು ನಕಲು ಮಾಡಿಕೊಳ್ಳಬಹುದು. ಇಂತಿಷ್ಟೇ ಪುಟ ಅಂತ ಈ ವಿನಾಯಿತಿಯಲ್ಲಿ ಅಂಕಿ ಇಲ್ಲ. ದೇಶದಲ್ಲಿ ಮಾರಾಟಕ್ಕೇ ಸಿಗದ ಪುಸ್ತಕವನ್ನು ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ 3 ಪ್ರತಿಯವರೆಗೆ ಮಾಡಿಸಿಕೊಳ್ಳಲೂ ಅವಕಾಶವಿದೆ.

ನಮ್ಮ ಕಡೆಯ ತಪ್ಪನ್ನೂ ಹೇಳಿಬಿಡಬೇಕು. ಹೊಸ ಸಂಪುಟವನ್ನು ರಕ್ಷಾಪುಟದಿಂದ ಕೊನೆಪುಟದವರೆಗೆ ಸ್ಕ್ಯಾನ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕೋದು ಸ್ವಂತ ಬಳಕೆ ಹೇಗಾಗುತ್ತೆ? ಸಂಪಾದಕ ವರ್ಷಗಟ್ಟಲೆ ಊರೂರು ಅಲೆದು ಮಾಡಿದ ಕೆಲಸ ಅದು.

ಇಷ್ಟು ವಾದ ಯಾಕೆ ಅಂದರೆ, ನಮ್ಮ ಕೆಲಸದಲ್ಲಿ ನಕಲು ಒಂದು ಉಪಕರಣ. ದಪ್ಪ ಸಂಪುಟವನ್ನು ಲೈಬ್ರರಿಯಿಂದ ಕುಣಿಗಲ್ಲಿನ ಹೊಲದ ಬದುವಿಗೆ ಹೊತ್ತೊಯ್ಯಲು ಆಗಲ್ಲ. ಎರಡು ಪುಟದ ಜೆರಾಕ್ಸ್ ಇದ್ದರೆ ಅಚ್ಚಿನ ಪಾಠವನ್ನು ಕಲ್ಲಿನ ಮುಂದೆ ಇಟ್ಟು ಅಕ್ಷರ ಅಕ್ಷರ ತಾಳೆ ನೋಡಬಹುದು. ಕಲ್ಲು ಸವೆದರೆ, ಸುಣ್ಣದಡಿ ಮುಚ್ಚಿದರೆ, ರಸ್ತೆ ಕೆಲಸದಲ್ಲಿ ಕಾಣೆಯಾದರೆ, ಉಳಿಯೋದು ಆ ಪಾಠವೊಂದೇ.

ಪ್ರಕಾಶಕರು ಎಚ್ಚರಿಕೆಯ ಆ ಸಾಲನ್ನು ಎರಡು ಮಾಡಲಿ: ಶಾಸನಪಾಠ ಎಲ್ಲರಿಗೂ ಮುಕ್ತ, ಪೀಠಿಕೆ, ಅನುವಾದ, ಟಿಪ್ಪಣಿಗಳ ಹಕ್ಕು ಸಂಪಾದಕರದು. ಒಂದು ಸಾಲು ಹೆಚ್ಚಿಗೆ ಅಚ್ಚು ಹಾಕಿದರೆ ಸಾಕು.